15 ನಿಮಿಷದ ಅಬ್ಸರ್ವೇಶನ್ ಶೀಟ್: ಗೆರೆ ಸರಿ, ಲೆಕ್ಕ ತಪ್ಪು

ಮನೋರೋಗ ವಾರ್ಡುಗಳಲ್ಲಿ ಬಳಸುವ ಅಚ್ಚಾದ ಅಬ್ಸರ್ವೇಶನ್ ಶೀಟ್‌ನಲ್ಲಿ ದಿನಕ್ಕೆ 96 ಚೌಕ: 15 ನಿಮಿಷಕ್ಕೊಮ್ಮೆ ರೋಗಿಯನ್ನು ನೋಡಿ ಒಂದೊಂದು ತುಂಬಬೇಕು. ಆತ್ಮಹತ್ಯೆಯ ಯೋಚನೆ ಇರುವವರು, ಹೊರಗೆ ಓಡಬಹುದಾದವರು, ಆಗಷ್ಟೇ ಮಂಪರಿನ ಇಂಜೆಕ್ಷನ್ ಪಡೆದವರು, ಹೀಗೆ ಒಬ್ಬೊಬ್ಬರ ಹೆಸರಿಗೂ ಒಂದೊಂದು ಶೀಟ್. ಕಾಗದ ದಪ್ಪವಿದೆ, ಗೆರೆ ಸ್ಪಷ್ಟ. ತಕರಾರು ಅದಕ್ಕಲ್ಲ.

ರಾತ್ರಿ 8ರಿಂದ ಬೆಳಿಗ್ಗೆ 8ರ ಡ್ಯೂಟಿ, 30 ರೋಗಿಗಳಿಗೆ ಒಬ್ಬರೇ ಸಿಸ್ಟರ್, ಅವರಲ್ಲಿ ಶೀಟ್ ಇರುವವರು ನಾಲ್ವರು ಎಂದುಕೊಳ್ಳಿ. 192 ಚೌಕ. ಹತ್ತಿರ ಹೋಗಿ, ಮುಖ ನೋಡಿ, ಬರೆಯಲು 2 ನಿಮಿಷವೆಂದರೂ 6 ಗಂಟೆ 24 ನಿಮಿಷ ಹೋಯಿತು. ರಾತ್ರಿಯ ಮಾತ್ರೆ ಟ್ರಾಲಿಗೆ ತಲಾ 2 ನಿಮಿಷದಂತೆ ಒಂದು ಗಂಟೆ ಬೇಕು. ಅದೇ ಗಂಟೆಯಲ್ಲಿ 16 ಚೌಕ ತುಂಬಬೇಕು. ನಡುವೆ ಉದ್ರೇಕಗೊಂಡ ಯಾರಿಗಾದರೂ ಶಾಂತಗೊಳಿಸಲು ಹ್ಯಾಲೋಪೆರಿಡಾಲ್, ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ಬಿ.ಪಿ., ಪಲ್ಸ್, ಉಸಿರು ನೋಡಬೇಕು. ಔಷಧದ ಅಡ್ಡಪರಿಣಾಮದಿಂದ ಕುತ್ತಿಗೆ ತಿರುಚಿದೆಯೇ, ನಾಲಿಗೆ ಸೆಟೆದಿದೆಯೇ ಎಂದೂ. ಆಗ ಮೊದಲು ಕೈಬಿಡುವುದು ಮಾತ್ರೆ ನುಂಗಿದರೋ ಕೆನ್ನೆಯೊಳಗೆ ಇಟ್ಟುಕೊಂಡರೋ ಎಂದು ಬಾಯಿ ತೆರೆಸಿ ನೋಡುವ ಕೆಲಸವನ್ನು. ಹೀಗೆ ಕೂಡಿಟ್ಟ ಮಾತ್ರೆಯ ಅಪಾಯ ವಾರ್ಡಿನವರಿಗೆ ಹೊಸದಲ್ಲ.

ಶೀಟ್‌ನ ದೊಡ್ಡ ದೋಷವೆಂದರೆ ಸಮಯ ಮೊದಲೇ ಅಚ್ಚಾಗಿರುವುದು. 10:00, 10:15, 10:30 ಎದುರಿಗಿದ್ದರೆ ಬೆಳಗಿನ ಜಾವ ಒಟ್ಟಿಗೆ ತುಂಬುವುದು ಸಲೀಸು. ಒಂದೇ ಪೆನ್ನು, ಒಂದೇ ಓರೆ, ಸಾಲಾಗಿ ಎಂಟು 'ನಿದ್ದೆ' ಕಂಡರೆ ಅನುಮಾನಿಸಿ. (ಇದಕ್ಕೆ ಸಿಸ್ಟರನ್ನು ಬೈಯುವವರು ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಓದಲಿ.) ಬಾಗಿಲಲ್ಲಿ ನಿಂತು ಟಾರ್ಚ್ ಬಿಟ್ಟರೆ ಉಸಿರು ಕುಗ್ಗುತ್ತಿರುವವರೂ ಹಾಯಾಗಿ ಮಲಗಿದಂತೆಯೇ ಕಾಣುತ್ತಾರೆ. ಎದೆ ನೋಡಿ ಒಂದು ನಿಮಿಷ ಎಣಿಸಿದರೆ ವಯಸ್ಕರಲ್ಲಿ 12ರಿಂದ 20 ಇರಬೇಕು. ಆ ಅಂಕಿ ಬರೆಯಲು ಶೀಟ್‌ನಲ್ಲಿ ಕಾಲಂ ಇಲ್ಲ. ಲಿಥಿಯಂ (ಮನಸ್ಸಿನ ಏರಿಳಿತಕ್ಕೆ ಕೊಡುವ ಔಷಧ) ತೆಗೆದುಕೊಳ್ಳುವವರ ವಾಂತಿ, ಭೇದಿ, ಕೈನಡುಕ ಔಷಧ ಮೈಗೆ ಹೆಚ್ಚಾದ ಸೂಚನೆಯಾಗಿರಬಹುದು; ಅದಕ್ಕೂ ಜಾಗವಿಲ್ಲ. ಇನ್ನೊಂದು: ಗಡಿಯಾರ ಹಿಡಿದು ಬಂದರೆ ಸಿಸ್ಟರ್ ಮತ್ತೆ ಯಾವಾಗ ಬರುತ್ತಾರೆಂಬುದು ರೋಗಿಗೂ ಬಾಯಿಪಾಠ.

ಕೊಳ್ಳುವುದಾದರೆ ಸಮಯದ ಕಾಲಂ ಖಾಲಿ ಇರುವ ಶೀಟ್ ಕೊಳ್ಳಿ. 15 ನಿಮಿಷ ಮೀರದಂತೆ ಹಿಂದೆಮುಂದೆ ಮಾಡಿ, ನೋಡಿದ ನಿಜವಾದ ಹೊತ್ತನ್ನೇ ಬರೆಯಬೇಕು. ಟ್ರಾಲಿ ಓಡುವ ಗಂಟೆಯಲ್ಲಿ ಶೀಟ್ ಇನ್ನೊಬ್ಬರ ಕೈಯಲ್ಲಿರಬೇಕು, ಅವರ ಸಹಿಯೂ ಬೀಳಬೇಕು. ಆ ಇನ್ನೊಬ್ಬರು ರೋಗಿಯ ಮನೆಯವರಾಗಿದ್ದರೆ ಅದು ಅಬ್ಸರ್ವೇಶನ್ ಅಲ್ಲ.

ಇನ್ನೊಬ್ಬರು ಇಲ್ಲವೆಂದು ರೋಗಿಯನ್ನು ಮಂಚಕ್ಕೆ ಕಟ್ಟುವಂತೆಯೂ ಇಲ್ಲ: ಸಿಬ್ಬಂದಿ ಕೊರತೆಯ ಕಾರಣಕ್ಕಷ್ಟೇ ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ನಿಷೇಧಿಸಿದೆ.