ಗದ್ದೆ ಲೀಗ್ ನಡೆಸುವವರೇ, ಎರಡು ಫೋನ್ ಹಿಡಿದು ಬರುವವನ ಮೇಲೆ ಕಣ್ಣಿಡಿ

ಭತ್ತದ ಕೊಯ್ಲು ಮುಗಿಯಿತು. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಟೆನಿಸ್ ಬಾಲ್ ಲೀಗ್‌ಗಳ ಬ್ಯಾನರ್ ಏಳುವ ಹೊತ್ತು. ಆಟಗಾರರ ಹರಾಜು, ಟೀಮಿಗೊಂದು ಜೆರ್ಸಿ, ಹೊನಲು ಬೆಳಕು, ಯೂಟ್ಯೂಬ್ ಲೈವ್, ಆಳೆತ್ತರದ ಟ್ರೋಫಿ. ಇದೆಲ್ಲ ಬೇಡ ಅನ್ನುವವನು ನಾನಲ್ಲ, ನಮ್ಮೂರ ಲೀಗ್ ಕಮಿಟಿಯಲ್ಲಿ ನಾನೂ ಇದ್ದೇನೆ. ಕಳೆದ ಸಲ ಬೆಟ್ಟಿಂಗ್‌ನಿಂದ ನಮ್ಮಲ್ಲಿ ಆದದ್ದು ನಿಮ್ಮಲ್ಲಿ ಆಗದಿರಲಿ ಅಂತ ಬರೆಯುತ್ತಿದ್ದೇನೆ. ಊರು, ಟೀಮು, ಹೆಸರು ಯಾವುದನ್ನೂ ಹಾಕುವುದಿಲ್ಲ. ಅದರಲ್ಲಿ ಸಿಕ್ಕಿಬಿದ್ದ ಹುಡುಗ ನನ್ನ ಅಕ್ಕನ ಮಗ, ಇನ್ನೂ ಮದುವೆ ಆಗಬೇಕಾದವನು.

ಲೈವ್ ಪುಕ್ಕಟೆ ಮಾಡಿಕೊಡುತ್ತೇನೆ ಅಂತ ಒಬ್ಬ ಬಂದ. ಕ್ಯಾಮೆರಾ ಅವನದು, ಹಿಡಿಯುವ ಹುಡುಗರು ಅವನವರು, ಸರಣಿಶ್ರೇಷ್ಠನಿಗೆ ಟಿ.ವಿ. ಕೊಡುವವನೂ ಅವನೇ. ಕಮಿಟಿಗೆ ಖರ್ಚು ಉಳಿಯಿತಲ್ಲ, ಎಲ್ಲರೂ ಖುಷಿ. ಆದರೆ ಆಸಾಮಿ ಸ್ಕೋರರ್ ಪಕ್ಕ ಕೂರುವುದಿಲ್ಲ, ಕಾಮೆಂಟರಿ ಪೆಂಡಾಲಿಗೂ ಬರುವುದಿಲ್ಲ. ಬೌಂಡರಿ ಆಚೆ ಹಲಸಿನ ಮರದ ಬುಡದಲ್ಲಿ ಎರಡು ಫೋನ್ ಹಿಡಿದು ನಿಂತಿರುತ್ತಾನೆ. ನಮ್ಮ ಕಡೆಯ ನೆಟ್‌ವರ್ಕ್ ಗೊತ್ತಲ್ಲ, ಲೈವ್ ನೋಡುವವರಿಗೆ ಸಿಕ್ಸರ್ ಕಾಣುವ ಹೊತ್ತಿಗೆ ಇಲ್ಲಿ ಚೆಂಡು ಅಡಿಕೆ ತೋಟದಿಂದ ವಾಪಸ್ ಬಂದಿರುತ್ತದೆ. ಆ ಅಂತರವೇ ಇವನ ದುಡಿಮೆ. ಪರದೆ ನೋಡಿ ದುಡ್ಡು ಕಟ್ಟುವವನಿಗೆ ಆ ಚೆಂಡು ಇನ್ನೂ ಬರಬೇಕು, ಇವನಿಗೆ ಅದರಲ್ಲಿ ಏನಾಯಿತು ಅಂತ ಆಗಲೇ ಗೊತ್ತು.

"ಗದ್ದೆ ಆಟಕ್ಕೆ ಯಾರು ಕಟ್ತಾರೆ ಮಾರಾಯ?" ಅನ್ನುವವರಿದ್ದಾರೆ. 2022ರ ಜುಲೈಯಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಮೊಲಿಪುರ ಅನ್ನುವ ಹಳ್ಳಿಯಲ್ಲಿ ಪೊಲೀಸರು ಒಂದು ನಕಲಿ ಐಪಿಎಲ್ಲನ್ನೇ ಹಿಡಿದರು. ಹೊಲದಲ್ಲಿ ಪಿಚ್ಚು, ಕೂಲಿ ಹುಡುಗರಿಗೆ ಐಪಿಎಲ್ ಜೆರ್ಸಿ, ಹರ್ಷ ಭೋಗ್ಲೆ ದನಿ ಅನುಕರಿಸುವ ಒಬ್ಬ ಕಾಮೆಂಟೇಟರ್, ಯೂಟ್ಯೂಬಿನಲ್ಲಿ ಲೈವ್. ಅಂಪೈರಿಗೆ ವಾಕಿಟಾಕಿಯಲ್ಲಿ ಹುಕುಂ ಬರುತ್ತಿತ್ತು, ಅದರಂತೆ ಆಟ. ದುಡ್ಡು ಕಟ್ಟುತ್ತಿದ್ದವರು ರಷ್ಯಾದಲ್ಲಿ ಕೂತಿದ್ದರು. ಕ್ಯಾಮೆರಾ ಇದ್ದ ಕಡೆ ಯಾವ ಆಟವೂ ಆಗುತ್ತದೆ.

ಅಕ್ಕನ ಮಗ ಎಡಗೈ ಬೌಲರ್, ಡೆತ್ ಓವರ್ (ಕೊನೆಕೊನೆಯ ಓವರ್) ಅಂದರೆ ಅವನೇ. ಎರಡು ಫೋನಿನವನು ಅವನಿಗೆ ಮೊದಲು ಕೊಟ್ಟದ್ದು ದುಡ್ಡಲ್ಲ, ಒಂದು 'ಐಡಿ', ಅಂದರೆ ಬೆಟ್ಟಿಂಗ್ ಆಪಿನ ಲಾಗಿನ್. ಅದರಲ್ಲಿ ಒಂದಷ್ಟು ಪಾಯಿಂಟ್ ಬಿಟ್ಟಿ. ಯಾವುದೋ ದೇಶದ ಟಿ-20ಗೆ ಕಟ್ಟಿದ, ಗೆದ್ದ, ಗೆದ್ದದ್ದು ಯುಪಿಐನಲ್ಲಿ ತಕ್ಷಣ ಬಂತು. ಫೋನ್ ಕೆಟ್ಟಿದೆ ಅಂತ ಅಪ್ಪನ ಖಾತೆಗೆ ಹಾಕಿಸಿಕೊಂಡಿದ್ದ, ಇದು ನೆನಪಿರಲಿ. ಆಮೇಲೆ ಸೋಲು ಶುರುವಾಯಿತು. ವಾರಕ್ಕೊಮ್ಮೆ ಲೆಕ್ಕ, ಕೊಡಲಾಗದಿದ್ದರೆ ಮುಂದಿನ ವಾರಕ್ಕೆ. ಸಾಲ ತೀರಿಸಲು ನಮ್ಮದೇ ಲೀಗಿಗೆ ಕಟ್ಟಿದ. ಅದು ಆಪಿನಲ್ಲಿಲ್ಲ, ಬರೀ ಬಾಯಿಮಾತು. ತನ್ನ ಟೀಮು ಗೆಲ್ಲುತ್ತದೆ ಅಂತ ಎರಡು ಮ್ಯಾಚಿಗೆ ಕಟ್ಟಿದ. ಮೂರನೆಯದಕ್ಕೆ ಕಟ್ಟಲಿಲ್ಲ, ಯಾಕೆಂದರೆ ಓಪನರ್‌ಗೆ ಜ್ವರ ಅಂತ ಇವನಿಗೆ ಗೊತ್ತಿತ್ತು. ಇವನು ಬಾಯಿ ಬಿಡಲಿಲ್ಲವಂತೆ. ಆದರೆ ಇವನು ಕಟ್ಟಲಿಲ್ಲ ಅನ್ನುವುದೇ ಆ ಮನುಷ್ಯನಿಗೆ ಸುದ್ದಿ. ಅವನು ಎದುರು ಟೀಮಿಗೆ ಕಟ್ಟಿ ದುಡ್ಡು ಮಾಡಿಕೊಂಡ.

ಸೆಮಿಫೈನಲ್ ಹಿಂದಿನ ರಾತ್ರಿ ಬಂದ ಮಾತು ಹೀಗಿತ್ತಂತೆ: "ಸಾಲ ಇರಲಿ ಬಿಡು ತಮ್ಮಾ. ನಾಲ್ಕನೇ ಓವರ್ ನಿಂದೇ ಅಲ್ವಾ? ಹನ್ನೆರಡು ರನ್ ಮೇಲೆ ಹೋದ್ರೆ ಸಾಕು. ಮ್ಯಾಚ್ ನೀವೇ ಗೆಲ್ರಿ, ಯಾರು ಬೇಡ ಅಂದ್ರು?" ಆ ಓವರಿನಲ್ಲಿ ಹದಿನಾಲ್ಕು ರನ್ ಹೋಯಿತು. ಎರಡು ವೈಡು, ಒಂದು ಫುಲ್‌ಟಾಸು. ಇಬ್ಬನಿಗೆ ಚೆಂಡು ಜಾರುತ್ತಿತ್ತು ಅಂತ ಕ್ಯಾಪ್ಟನ್ ತಾನೇ ಸಮಾಧಾನ ಮಾಡಿದ. ಟೀಮು ಗೆದ್ದಿತು, ಪಟಾಕಿ ಹೊಡೆದೆವು.

ಇದು ಹೊರಬಿದ್ದದ್ದು ಆಟದಿಂದಲ್ಲ, ಬ್ಯಾಂಕಿನಿಂದ. ಭಾವ ಮಂಡಿಗೆ ಅಡಿಕೆ ಹಾಕಿ, ದುಡ್ಡು ಖಾತೆಗೆ ಬಿದ್ದ ಮೇಲೆ ಅಡಿಕೆ ಗೊನೆ ಕೊಯ್ದ ಕೊನೆಗಾರರಿಗೆ ಬಟವಾಡೆ ಮಾಡಲು ಡ್ರಾ ಮಾಡಹೋದರೆ ಖಾತೆ ಫ್ರೀಜ್. ಬೇರೆ ರಾಜ್ಯದ ಸೈಬರ್ ಪೊಲೀಸರು ತಡೆದಿದ್ದಾರೆ ಅಂದರು. ಮಗ ಗೆದ್ದ ದುಡ್ಡು ಬಂದಿತ್ತಲ್ಲ, ಅದು ಇನ್ಯಾರನ್ನೋ ಆನ್‌ಲೈನಿನಲ್ಲಿ ಮುಳುಗಿಸಿ ತೆಗೆದ ದುಡ್ಡು, ಬಾಡಿಗೆ ಖಾತೆಗಳನ್ನು ದಾಟಿ ಇಲ್ಲಿಗೆ ಬಂದದ್ದು. ದುಡ್ಡು ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಆ ಹಣ ಹರಿದ ಖಾತೆಗಳನ್ನು ಪೊಲೀಸರು ತಡೆಯುತ್ತಾ ಹೋಗುತ್ತಾರೆ. ವರ್ಷದ ಬೆಳೆಯ ದುಡ್ಡು ಅದರೊಳಗೆ ಸಿಕ್ಕಿಬಿತ್ತು. ಆ ದಿನ ಹುಡುಗ ಎಲ್ಲ ಹೇಳಿದ.

ಹೇಳಿದ ಮೇಲೆ ಅವನು ಹಿಡಿದ ಹಟ ಒಂದೇ. "ಮಾಮ, ನಾನು ನಮ್ಮ ಟೀಮು ಗೆಲ್ಲುತ್ತೆ ಅಂತಲೇ ಕಟ್ಟಿದ್ದು. ಸೋಲಲಿ ಅಂತ ಕಟ್ಟಿದ್ನಾ?"

ಇದೇ ವಾದವನ್ನು ಅಮೆರಿಕದ ಬೇಸ್‌ಬಾಲ್ ಆಟಗಾರ ಪೀಟ್ ರೋಸ್ ಪರವಾಗಿ ದಶಕಗಳ ಕಾಲ ಹೂಡಿದವರಿದ್ದಾರೆ. 4,256 ಹಿಟ್, ಇವತ್ತಿಗೂ ಅಲ್ಲಿನ ಮೇಜರ್ ಲೀಗಿನ ದಾಖಲೆ. ಸಿನ್ಸಿನಾಟಿ ರೆಡ್ಸ್ ತಂಡದ ಮ್ಯಾನೇಜರ್ (ನಮ್ಮಲ್ಲಿ ಕೋಚ್ ಇದ್ದಂತೆ) ಆಗಿದ್ದಾಗ ತನ್ನ ತಂಡದ ಪಂದ್ಯಗಳಿಗೇ ಬೆಟ್ ಕಟ್ಟಿದ ಅಂತ 1989ರಲ್ಲಿ ಶಾಶ್ವತವಾಗಿ ಹೊರಗಿಟ್ಟರು. ಹದಿನೈದು ವರ್ಷ ಇಲ್ಲ ಅಂದ, 2004ರಲ್ಲಿ ಹೌದು ಅಂದ, ಆದರೆ ತನ್ನ ತಂಡ ಗೆಲ್ಲುತ್ತದೆ ಅಂತಲೇ ಕಟ್ಟಿದ್ದು ಅಂದ. 2024ರಲ್ಲಿ ತೀರಿಕೊಂಡ. ನಿಷೇಧದ ಪಟ್ಟಿಯಿಂದ ಹೆಸರು ತೆಗೆದದ್ದು 2025ರಲ್ಲಿ.

ಗೆಲ್ಲುತ್ತೇವೆ ಅಂತ ಕಟ್ಟಿದರೆ ತಪ್ಪೇನು? ದುಡ್ಡು ಕಟ್ಟಿದ ದಿನ ಮ್ಯಾನೇಜರ್ ಭುಜ ನೋವಿರುವ ಬೌಲರನ್ನೂ ದುಡಿಸುತ್ತಾನೆ, ನಾಳಿನ ಪಂದ್ಯ ಏನಾದರೂ ಆಗಲಿ. ಕಟ್ಟದ ದಿನ ಬುಕ್ಕಿಗೆ ಸನ್ನೆ ಸಿಕ್ಕಂತೆಯೇ, ಜ್ವರ ಬಂದ ಓಪನರ್ ವಿಷಯದಲ್ಲಿ ಆದಂತೆ. ಮತ್ತೆ ಸೋತ ದಿನ ಸಾಲ. ಸಾಲ ಇದ್ದವನ ಓವರ್ ಅವನದಲ್ಲ. ನಮ್ಮ ಹುಡುಗ ಗೆಲುವಿಗೆ ಕಟ್ಟಿದ್ದರಿಂದಲೇ ನಾಲ್ಕನೇ ಓವರ್‌ಗೆ ಬಂದು ನಿಂತ.

ಕಮಿಟಿ ಕೂತಾಗ ಮೇಷ್ಟ್ರೊಬ್ಬರು ಐಪಿಎಲ್ ಫಿಕ್ಸಿಂಗ್ ಆರೋಪ ಹೊತ್ತ ವೇಗಿ ಶ್ರೀಶಾಂತ್ ವಿಷಯ ಎತ್ತಿದರು. 2013ರಲ್ಲಿ ಬಿಸಿಸಿಐ ಆಜೀವ ನಿಷೇಧ ಹಾಕಿತು, 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯ ಪ್ರಮಾಣ ಮತ್ತೆ ಯೋಚಿಸಿ ಅಂದಿತು, ಕೊನೆಗೆ ಏಳು ವರ್ಷಕ್ಕೆ ಇಳಿಯಿತು. ಬಿಸಿಸಿಐಯೇ ಇಳಿಸಿದ ಮೇಲೆ ನಾವ್ಯಾರು ಅಂತ ಅವರ ಮಾತು. ಹಿರಿಯರೊಬ್ಬರು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕಥೆ ತೆಗೆದರು: 1980ರ ಮುಂಬೈ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರನ್ನು ಕ್ಯಾಪ್ಟನ್ ವಿಶ್ವನಾಥ್ ವಾಪಸ್ ಕರೆದರು, ಭಾರತ ಆ ಪಂದ್ಯ ಸೋತಿತು. ಅಂಥ ಜಿಲ್ಲೆಯಲ್ಲಿ ಇದಾ ಅಂತ ಅವರಿಗೆ ಸಂಕಟ. (ಅದೇ ಹಿರಿಯರು ಇಸ್ಪೀಟಿನಲ್ಲಿ ಏನೇನು ಕಳೆದಿದ್ದಾರೆ ಅಂತ ಊರಿಗೇ ಗೊತ್ತು, ಇರಲಿ.)

ಎಲ್ಲ ಬೆಟ್ಟಿಂಗನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಅಂತ ನಾನೂ ಒಪ್ಪುತ್ತೇನೆ. 2024ರಲ್ಲಿ ಅಮೆರಿಕದ ಬೇಸ್‌ಬಾಲಿನಲ್ಲಿ ಐವರು ಸಿಕ್ಕಿಬಿದ್ದರು. ತನ್ನದೇ ತಂಡದ ಪಂದ್ಯಕ್ಕೆ ಕಟ್ಟಿದ ಟುಕುಪಿಟಾ ಮಾರ್ಕಾನೊಗೆ ಆಜೀವ ನಿಷೇಧ, ತಮಗೆ ಪಾತ್ರವಿಲ್ಲದ ಪಂದ್ಯಗಳಿಗೆ ಕಟ್ಟಿದ ನಾಲ್ವರಿಗೆ ಒಂದು ವರ್ಷ. ಇಂಗ್ಲೆಂಡಿನ ವೇಗಿ ಬ್ರೈಡನ್ ಕಾರ್ಸ್ ಕೆಲ ವರ್ಷ ಹಿಂದೆ 303 ಬೆಟ್ ಹಾಕಿದ್ದ, ತಾನು ಆಡಿದ ಪಂದ್ಯಕ್ಕಲ್ಲ. ಅವನಿಗೆ ಮೂರು ತಿಂಗಳು ಆಟ ತಪ್ಪಿತು, ಆಮೇಲೆ ಟೆಸ್ಟ್ ಆಡಿದ. ಗೆರೆ ಇರಬೇಕಾದದ್ದು ಅಲ್ಲೇ. ಬೇರೆಯವರ ಆಟಕ್ಕೆ ಕಟ್ಟಿದವನನ್ನು ಒಂದೆರಡು ವರ್ಷ ಕೂರಿಸಿ, ಚಟ ಬಿಡಿಸಿ, ವಾಪಸ್ ಕರೆಯಿರಿ. ತಾನು ಅಂಗಳದಲ್ಲಿರುವ ಪಂದ್ಯಕ್ಕೆ ಕಟ್ಟಿದವನಿಗೆ ಮತ್ತೆ ಚೆಂಡು ಕೊಡಬಾರದು. ಕೊಟ್ಟರೆ ಅವನು ಹಾಕುವ ಪ್ರತಿ ವೈಡನ್ನೂ ಜನ ಬೇರೆ ಕಣ್ಣಿನಿಂದ ನೋಡುತ್ತಾರೆ, ಅದು ಉಳಿದ ಹತ್ತು ಹುಡುಗರಿಗೆ ಮಾಡುವ ಅನ್ಯಾಯ. ಕಮಿಟಿ ಅವನಿಗೆ ಆಜೀವ ನಿಷೇಧ ಹಾಕಲು ಕೈ ಎತ್ತಿದಾಗ, ಅಕ್ಕನ ಮಗ ಅಂತ ನಾನು ಕೈ ಕೆಳಗಿಳಿಸಲಿಲ್ಲ. ಅಕ್ಕ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಹುಡುಗ ಮಾತಾಡುತ್ತಾನೆ.

ನನಗೆ ಸಿಟ್ಟು ಇರುವುದು ಬೇರೆ ಕಡೆ. ಹುಡುಗನಿಗೆ ಆಜೀವ, ಎರಡು ಫೋನಿನವನಿಗೆ ಏನೂ ಇಲ್ಲ. ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫಿಕ್ಸಿಂಗ್ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2022ರಲ್ಲಿ ಹೇಳಿದ್ದೇ ಅಷ್ಟು: ಮ್ಯಾಚ್ ಫಿಕ್ಸಿಂಗ್ ಆಗಿನ ಐಪಿಸಿ 420ನೇ ಕಲಮಿನ ವಂಚನೆ ಆಗುವುದಿಲ್ಲ, ಕ್ರಮ ಬೇಕಾದರೆ ಬಿಸಿಸಿಐ ತೆಗೆದುಕೊಳ್ಳಲಿ. ಗದ್ದೆ ಲೀಗಿಗೆ ಯಾವ ಬಿಸಿಸಿಐ? ಆದರೂ ದಾರಿ ಪೂರಾ ಮುಚ್ಚಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟ ನಡೆಸುವವನಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ ಅನ್ನುತ್ತದೆ. ಆಡಿದವನನ್ನು ಅದು ಅಪರಾಧಿ ಮಾಡುವುದಿಲ್ಲ. ಹಾಗಾಗಿ ಐಡಿಯಲ್ಲಿ ಸಿಕ್ಕಿಬಿದ್ದ ಹುಡುಗರು ಹೆದರಿ ಬಾಯಿ ಮುಚ್ಚಿಕೊಳ್ಳಬೇಡಿ. ವಾಟ್ಸಾಪ್ ಮಾತುಕತೆ, ಯುಪಿಐ ನಂಬರು ಯಾವುದನ್ನೂ ಅಳಿಸದೆ ಮನೆಯವರಿಗೆ ತೋರಿಸಿ, ಠಾಣೆಗೆ ಹೋಗಿ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ತಿಂಗಳಿಗಿಷ್ಟು ಅಂತ ಯಾರಾದರೂ ಕೇಳಿದರೆ ಕೊಡಲೇಬೇಡಿ. ಬಾಡಿಗೆ ಖಾತೆ ಅಂದರೆ ಅದೇ, ಕೇಸು ಬರುವುದು ನಿಮ್ಮ ಹೆಸರಿಗೆ.

ಕಮಿಟಿಯವರು ನೋಂದಣಿ ಫಾರಂನಲ್ಲೇ ಬರೆಸಿಕೊಳ್ಳಿ: ಈ ಲೀಗಿನ ಯಾವ ಪಂದ್ಯಕ್ಕೂ ಕಟ್ಟುವುದಿಲ್ಲ, ಯಾರಾದರೂ ಕೇಳಿದರೆ ಅವತ್ತೇ ತಿಳಿಸುತ್ತೇನೆ ಅಂತ. ಕೇಳಿದ್ದನ್ನು ತಿಳಿಸದೆ ಇದ್ದದ್ದಕ್ಕೇ ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ 2019ರಲ್ಲಿ ನಿಷೇಧ ತಿಂದದ್ದು. ಲೈವ್ ಬೇಕಾದರೆ ನಿಮ್ಮ ದುಡ್ಡಲ್ಲೇ ಮಾಡಿಸಿ, ಪುಕ್ಕಟೆ ಬಂದವನಿಗೆ ಯಾಕೆ ಪುಕ್ಕಟೆ ಅಂತ ಕೇಳಿ. ನಮ್ಮಲ್ಲಿ ಈ ಸಲ ಫಾರಂಗೆ ಸಹಿ ಹಾಕಲ್ಲ ಅಂದ ಟೀಮುಗಳೂ ಇದ್ದಾವೆ, ಅವು ಇಲ್ಲದೆಯೇ ಲೀಗ್ ನಡೆಯುತ್ತದೆ. ಭಾವನ ಖಾತೆ ಇನ್ನೂ ಪೂರ್ತಿ ಬಿಡುಗಡೆ ಆಗಿಲ್ಲ. ಎರಡು ಫೋನಿನವನು ಈ ವರ್ಷ ಸೊರಬದ ಕಡೆ ಟ್ರೋಫಿ ಕೊಡಿಸುತ್ತೇನೆ ಅಂತ ಓಡಾಡುತ್ತಿದ್ದಾನೆ ಅಂತ ಸುದ್ದಿ. ಆ ಕಡೆಯವರು ಇದನ್ನು ಓದಿದ್ದರೆ, ಹರಾಜಿಗೆ ಮುಂಚೆಯೇ ಒಂದು ಮೀಟಿಂಗ್ ಕರೆಯಿರಿ.