ನೆಮಾ 23 ಸ್ಟೆಪ್ಪರ್: ಮನೆಯ ಸಿಎನ್‌ಸಿಗೆ ಸಾಕೇ?

ಮರ, ಅಕ್ರಿಲಿಕ್, ಆಗೀಗ ತೆಳು ಅಲ್ಯೂಮಿನಿಯಂ ಕೊರೆಯುವ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ನಡೆಯುವ ಮೆಷಿನ್‌ಗೆ 57 ಮಿ.ಮೀ. ಮುಖದ, 1.9 ನ್ಯೂಟನ್ ಮೀಟರ್‌ನ ನೆಮಾ 23 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು; ನೆಮಾ ಸಂಖ್ಯೆ ಅದರ ಮುಖದ ಅಳತೆ) ಧಾರಾಳ ಸಾಕು. ಅದಕ್ಕಿಂತ ಚಿಕ್ಕ ನೆಮಾ 17 ಗಟ್ಟಿ ಮರಕ್ಕೇ ಏದುಸಿರು ಬಿಡುತ್ತದೆ.

ಕೊಳ್ಳುವಾಗ ಎಲ್ಲರ ಕಣ್ಣೂ ಟಾರ್ಕ್ (ತಿರುಗಿಸುವ ಬಲ) ಮೇಲೆ. ಆದರೆ ಅಲ್ಲಿ ಬರೆದಿರುವುದು ನಿಂತ ಮೋಟಾರಿನ ಟಾರ್ಕ್. ನೋಡಬೇಕಾದ್ದು ಇಂಡಕ್ಟನ್ಸ್, ಅಂದರೆ ಕಾಯಿಲ್ ಕರೆಂಟಿನ ಏರಿಕೆಯನ್ನು ತಡೆಯುವ ಗುಣ. 5 ಮಿ.ಮೀ. ಪಿಚ್‌ನ ಬಾಲ್ ಸ್ಕ್ರೂ (ಒಂದು ಸುತ್ತಿಗೆ 5 ಮಿ.ಮೀ. ಸರಿಸುವ ತಿರುಪು) ಮೇಲೆ ನಿಮಿಷಕ್ಕೆ 3000 ಮಿ.ಮೀ. ಓಡಬೇಕಾದರೆ ಮೋಟಾರು ನಿಮಿಷಕ್ಕೆ 600 ಸುತ್ತು ತಿರುಗಬೇಕು. ಇಂಡಕ್ಟನ್ಸ್ ಜಾಸ್ತಿಯಿದ್ದರೆ ಆ ವೇಗದಲ್ಲಿ ಕಾಯಿಲ್‌ಗೆ ಕರೆಂಟ್ ತುಂಬಲು ಪುರುಸೊತ್ತೇ ಸಿಗದು. ಕೀರಲು ದನಿ ಬಂದು ಮೋಟಾರು ನಿಲ್ಲುತ್ತದೆ. ಸ್ಟೆಪ್ ತಪ್ಪಿದ್ದು ಕಂಟ್ರೋಲರ್‌ಗೆ ತಿಳಿಯುವುದೇ ಇಲ್ಲ, ಅದು ತನ್ನ ಪಾಡಿಗೆ ತಪ್ಪು ಜಾಗದಲ್ಲಿ ಕೊರೆಯುತ್ತಲೇ ಇರುತ್ತದೆ. 3 ಮಿಲಿಹೆನ್ರಿ ದಾಟದ್ದನ್ನು ಆರಿಸಿ. ಕರೆಂಟ್ ಬೇಗ ತುಂಬಲು, ಮೋಟಾರನ್ನು ನಡೆಸುವ ಡಿಎಂ542 ಡ್ರೈವರ್‌ಗೆ 24ರ ಬದಲು 36 ವೋಲ್ಟ್ ಸಪ್ಲೈ ಕೊಡಿ. ಎಂಟರ ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು ಎಂಟು ಭಾಗ ಮಾಡುವುದು) ಇಟ್ಟರೆ, ಸುತ್ತಿಗೆ 200 ಸ್ಟೆಪ್‌ನ ಮೋಟಾರಿನಲ್ಲಿ ಮಿಲಿಮೀಟರಿಗೆ 320 ಸ್ಟೆಪ್.

ಶಾಫ್ಟ್ 6.35 ಮಿ.ಮೀ. ಇದೆಯೋ 8 ಇದೆಯೋ ನೋಡಿಯೇ ಅದನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ತನ್ನಿ. ಅಲ್ಯೂಮಿನಿಯಮ್ಮೇ ಮುಖ್ಯ ಕೆಲಸವಾದರೆ ದುಡ್ಡು ಹೆಚ್ಚಾದರೂ ಎನ್‌ಕೋಡರ್ (ತಿರುಗಿದ್ದನ್ನು ಅಳೆಯುವ ಸೆನ್ಸರ್) ಇರುವ, ತಪ್ಪಿದ ಸ್ಟೆಪ್ ಗುರುತಿಸುವ ಕ್ಲೋಸ್ಡ್ ಲೂಪ್ ಮೋಟಾರೇ ಸೈ. ಪವರ್ ಇರುವಾಗ ಮೋಟಾರಿನ ತಂತಿ ಮಾತ್ರ ಬಿಚ್ಚಬೇಡಿ, ಡ್ರೈವರ್ ಸುಡುವುದು ಹೆಚ್ಚಾಗಿ ಆಗಲೇ.