ಎರಡು ಮರಿ ಒಟ್ಟಿಗೇನಾ, ಒಂದಾದ ಮೇಲೆ ಒಂದಾ?

ಎರಡು ನಾಯಿಮರಿ ಒಟ್ಟಿಗೆ ತಂದರೆ ಲಸಿಕೆ, ಜಂತುಹುಳದ ಔಷಧಿ, ಊಟ ಎಲ್ಲದರ ಖರ್ಚೂ ಒಂದೇ ಸಲ ದುಪ್ಪಟ್ಟು. ಬಿಡಿಯಾಗಿ ತಂದರೆ ಹೊರೆ ಹಂಚಿಹೋಗುತ್ತದೆ.

ನಿಜವಾದ ಕಷ್ಟ ತರಬೇತಿಯದು. ಜೊತೆಗೇ ಬೆಳೆದ ಮರಿಗಳು ನಿಮಗಿಂತ ಜಾಸ್ತಿ ಒಂದನ್ನೊಂದು ಹಚ್ಚಿಕೊಳ್ಳಬಹುದು. ಆಗ ಬೇರೆ ಮಾಡಿದರೆ ಅಳುತ್ತವೆ, ಕರೆದರೆ ಬರುವುದಿಲ್ಲ. ಅದಕ್ಕೇ ಊಟ, ನಿದ್ದೆ, ವಾಕಿಂಗ್, ಪಾಠ ಬೇರೆಬೇರೆ ಮಾಡಿಸಬೇಕು. ದಿನಾ! ಒಂದೇ ಮರಿಯಾದರೆ ಉಚ್ಚೆ ಹೊರಗೆ ಮಾಡುವುದನ್ನು ಕಲಿಸುವುದು ಸಲೀಸು. ಆದರೆ ಆಟಕ್ಕೆ ನೀವೇ ಬೇಕು.

ಮನೆಯಲ್ಲಿ ಇಡೀ ದಿನ ಇಬ್ಬರು ದೊಡ್ಡವರಿದ್ದು, ತಲಾ ಒಂದು ಮರಿ ನೋಡಿಕೊಳ್ಳುವುದಾದರೆ ಎರಡನ್ನೂ ತನ್ನಿ. ಒಬ್ಬರೇ ಇದ್ದರೆ ಈಗ ಒಂದು ಸಾಕು. ಅದಕ್ಕೆ ಒಂದೂವರೆ ವರ್ಷವಾಗಿ, ಮಾತು ಕೇಳುವಂತಾದ ಮೇಲೆ ಇನ್ನೊಂದು ಬರಲಿ. ಒಡಹುಟ್ಟಿದ ಮರಿಗೆ ಪಕ್ಕದ ಬೀದಿಯಲ್ಲೇ ಮನೆ ಸಿಕ್ಕರೆ ಆಟಕ್ಕೂ ಜೊತೆಯಾಯಿತು.